ಎಲ್ಲರ ಕಣ್ಣೂ ಬರಲಿ

ನಮ್ಮಕ್ಕ ಹುಟ್ಟಿನಿಂದಲೇ ಕಿವಿ ಕೇಳದವಳು. ವಾರವೆಲ್ಲ ಕಲಾ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಮೆತ್ತನೆಯ ಬ್ರಶ್ಶಿನಿಂದ ಶಿಲ್ಪಗಳ ದೂಳು ಒರೆಸುತ್ತಾಳೆ. ತಿಂಗಳಿಗೊಂದು ಭಾನುವಾರ ಮಾತ್ರ ಮೇಲೆ ಬಂದು, ತನ್ನಂಥವರಿಗೆ ಆ ಶಿಲ್ಪಗಳ ಕಥೆಯನ್ನು ಕೈಸನ್ನೆಯಲ್ಲಿ ಹೇಳುತ್ತಾಳೆ. ಗಾಜಿನ ಸೂರಿನಿಂದ ಬೆಳಕು ಹಾಲಿನಂತೆ ಇಳಿಯುವ ಹಜಾರ ಅದು. ಅಲ್ಲಿ ನಿಂತರೆ ಕಲ್ಲುಗಳೂ ಉಸಿರು ಬಿಗಿಹಿಡಿದು ಅವಳನ್ನೇ ಕಾಯುತ್ತಿವೆ ಅನಿಸುತ್ತದೆ.

ಅವಳದು ಒಂದೇ ಕಟ್ಟುನಿಟ್ಟು: ಎಲ್ಲರ ಕಣ್ಣೂ ತನ್ನ ಕೈ ಮೇಲೆ ಬರುವ ತನಕ ಶುರು ಮಾಡುವುದಿಲ್ಲ. ಕಲ್ಲನ್ನೂ ಕೈಯನ್ನೂ ಒಟ್ಟಿಗೆ ನೋಡಲಾಗದಲ್ಲ! ಹೇಳುತ್ತಾಳೆ, ಕೈ ಇಳಿಸುತ್ತಾಳೆ, ಶಿಲ್ಪ ನೋಡಲು ಬಿಡುತ್ತಾಳೆ, ಮತ್ತೆ ಕಾಯುತ್ತಾಳೆ.

ಅಪ್ಪ ಸನ್ನೆ ಕಲಿಯಲೇ ಇಲ್ಲ. ಕಲ್ಲು ಕೆತ್ತುವವನು, ಹಟದಲ್ಲೂ ಕಲ್ಲೇ. ಅವಳ ಬಾಯಿಂದ ಮಾತು ಹೊರಡಿಸುತ್ತೇನೆಂದು ವರ್ಷಗಟ್ಟಲೆ ಹೆಣಗಿ ಕೈಚೆಲ್ಲಿದ. ಉಳಿಯ ಸದ್ದಿಗೆ ಈಗ ಅವನ ಕಿವಿಯೂ ಹೋಗಿದೆ, ಜಂಬ ಮಾತ್ರ ಹೋಗಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ 'ಅಪ್ಪ ಒಂದು ಸಲ ನನ್ನ ಮಾತು ನೋಡಲಿ' ಎಂದು ಅಕ್ಕ ಕೇಳಿಕೊಂಡಾಗ, ಕಳೆದ ಭಾನುವಾರ ಅವನನ್ನು ಎಳೆದುಕೊಂಡು ಹೋದೆ. ಅವಳು ಯಾವತ್ತೂ ಬೇಡಿದ್ದು ಅದೊಂದೇ.

ಮೊದಲ ಶಿಲ್ಪ, ಮಂಡಿಯೂರಿದ ಹೆಂಗಸು. ಕಿವಿ ಕೇಳದ ಹತ್ತು ಜನ ಬಂದಿದ್ದರು, ಅವರ ಕಣ್ಣು ಅಕ್ಕನ ಕಡೆ ಬಂತು. ಅಪ್ಪ ಮಾತ್ರ ಉಳಿಯ ಗೆರೆಗಳನ್ನು ಒಂದೊಂದಾಗಿ ಓದುತ್ತ ನಿಂತಿದ್ದ. ಅಕ್ಕ ಕಾದಳು. ಹತ್ತು ಜನವೂ ಕಾದರು. ಬೆಳಕು ಆ ಹೆಂಗಸಿನ ಭುಜದಿಂದ ಮೆಲ್ಲಗೆ ಜಾರುತ್ತಿತ್ತು. ನಾನು ಅಪ್ಪನನ್ನು ತಿವಿಯಹೊರಟೆ. ಅಕ್ಕ ಬೇಡವೆಂದು ತಲೆಯಾಡಿಸಿದಳು.

ಸುತ್ತ ಯಾರೂ ಮಿಸುಕಾಡುತ್ತಿಲ್ಲವೆಂದು ಅಪ್ಪನಿಗೆ ಕೊನೆಗೂ ಹೊಳೆಯಿತು. ಬೆಚ್ಚಿ ಮಗಳತ್ತ ತಿರುಗಿ, ಹಜಾರವೆಲ್ಲ ಮೊಳಗುವಂತೆ ಅಂದ: "ಅಯ್ಯೋ, ಹೇಳೋದು ಮರೆತೋಯ್ತೇನಮ್ಮ? ಗಾಬರಿಯಾಗ್ಬೇಡ, ನಾನಿದೀನಿ."

ಕೇಳಿಸಿಕೊಂಡವರು ನಾನು ಮತ್ತು ಬಾಗಿಲಲ್ಲಿ ನಿಂತಿದ್ದ ಕಾವಲುಗಾರ, ಇಬ್ಬರೇ. ಅಕ್ಕ ಅವನ ತುಟಿ ಓದಿರಬೇಕು. ಕಣ್ಣು ತುಂಬಿಕೊಂಡೇ ಕೈ ಎತ್ತಿದಳು.

ಅವಳ ಬೆರಳುಗಳಲ್ಲಿ ಬಂಡೆ ಬಿರಿಯಿತು. ಒಳಗಿನಿಂದ ಒಂದು ಭುಜ, ಒಂದು ಕೊರಳು, ನಿದ್ದೆಯಿಂದ ಏಳುವಂತೆ ಒಂದು ಮುಖ ಹೊರಬಂತು. ಅಪ್ಪ ಕಣ್ಣು ಮಿಟುಕಿಸಲಿಲ್ಲ.

ಅವಳು ಕೈ ಇಳಿಸಿದಾಗ ಉಳಿದವರೆಲ್ಲ ಶಿಲ್ಪದ ಕಡೆ ತಿರುಗಿದರು. ಅಪ್ಪ ತಿರುಗಲಿಲ್ಲ. ನೇರ ಅವಳ ಬಳಿ ಹೋಗಿ, ಇಳಿದಿದ್ದ ಆ ಎರಡು ಕೈಗಳನ್ನು ಹಿಡಿದು ಮತ್ತೆ ಮೇಲೆತ್ತಿದ.

"ಇನ್ನೊಂದ್ಸಲ ಹೇಳಮ್ಮ," ಅಂದ. "ನಿಧಾನವಾಗಿ. ನಂಗೆ ಇದಿನ್ನೂ ಬರಲ್ಲ."