ಕೆಂಪು ಚೌಕಗಳನ್ನು ಅಳಿಸಿದ ಭಾನುವಾರ

ನನ್ನ ತಮ್ಮ ಮಾಡಿದ ಸಾಫ್ಟ್‌ವೇರ್‌ಗೆ ಕೈಪಿಡಿ ಬರೆದವಳು ನಾನು, ಒಂಬತ್ತನೇ ಕ್ಲಾಸು ದಾಟದವಳು. ಇದನ್ನು ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಇದರ ಜೊತೆಗೇ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು.

ತಮ್ಮನೂ ನಾನೂ ಅಮೆರಿಕದ ಪಾರ್ಸಿಪನಿ ಎಂಬ ಊರಿನ ಒಂದೇ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿ ಎದುರುಬದುರು ಮನೆಗಳಲ್ಲಿದ್ದೇವೆ. ಬೆಳಗಿನ ಹೊತ್ತು ನಾನು ಇಂಡಿಯನ್ ಗ್ರೋಸರಿಯೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತೇನೆ. ಅವನದು ಕಂಪ್ಯೂಟರ್ ಕೆಲಸ. ಬಿಡುವಿನಲ್ಲಿ ಅವನೊಂದು ಟೂಲ್ ಮಾಡಿದ್ದ. ಅದು ವೆಬ್ ಪುಟದ ಚಿತ್ರ ತೆಗೆದು ಇಟ್ಟುಕೊಳ್ಳುತ್ತದೆ. ಮುಂದೆ ಪುಟ ಬದಲಾದರೆ, ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು, ಬೇರೆಯಾದ ಕಡೆಗೆಲ್ಲ ಕೆಂಪು ಚೌಕ ಹಾಕಿ ತೋರಿಸುತ್ತದೆ. ಮ್ಯಾನೇಜರ್ ಒಪ್ಪಿದರೆ ಅವನ ಇಡೀ ಟೀಮ್ ಅದನ್ನು ಬಳಸುತ್ತಿತ್ತು. ತೊಂದರೆ ಏನೆಂದರೆ, ಅವನು ಬರೆದ ವಿವರಣೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಅಕ್ಕ, ನೀನು ಬಳಸಿ ನೋಡಿ, ನಿಂಗೆ ತಿಳಿದ ಹಾಗೆ ಕನ್ನಡದಲ್ಲಿ ಬರಿ. ನಾನು ಇಂಗ್ಲಿಷ್ ಮಾಡ್ಕೋತೀನಿ,” ಎಂದ.

“ನಾನಾ? ನನ್ನ ಅಕ್ಷರ ನೋಡಿದ್ಯಾ?”

“ಅಕ್ಷರ ಯಾರಿಗೆ ಬೇಕು? ನೀನು ಫೋನಲ್ಲಿ ಹೇಳ್ಕೊಟ್ಟು ನನ್ನ ಕೈಲೇ ಸಾರು ಮಾಡಿಸಿದವಳು. ಹಂಗೇ ಬರಿ.”

ಅವತ್ತೇ ಹೊಸ ನೋಟ್‌ಬುಕ್ ತಂದೆ. ಕಲಿಯಲು ಸುಲಭವಾಗಲೆಂದು ಅವನು ನಮ್ಮ ಗ್ರೋಸರಿಯ ವೆಬ್ ಪುಟವನ್ನೇ ಟೂಲಿಗೆ ಹಾಕಿಕೊಟ್ಟಿದ್ದ. ಎಲ್ಲಿ ಒತ್ತಬೇಕು, ಒತ್ತಿದರೆ ಏನು ಕಾಣುತ್ತದೆ, ಎಷ್ಟು ಹೊತ್ತು ಕಾಯಬೇಕು, ಒಂದೊಂದನ್ನೂ ಬರೆದೆ. ಲಟ್ಟಣಿಗೆ ಹಿಡಿದಾಗಲೂ ತಲೆಯಲ್ಲಿ ಮುಂದಿನ ಸಾಲೇ ಓಡುತ್ತಿತ್ತು. ಪುಟ ತುಂಬಿದಂತೆಲ್ಲ ಓಡಿಹೋಗಿ ಎದುರು ಮನೆಯ ಬಾಗಿಲು ಬಡಿಯುತ್ತಿದ್ದೆ.

ಒಂದು ಭಾನುವಾರ ನಮ್ಮ ಅಂಗಡಿಯವರು ತಮ್ಮ ಪುಟವನ್ನು ಪೂರ್ತಿ ಬದಲಿಸಿದರು. ನನ್ನ ತಮ್ಮ ಕುಣಿದಾಡಿದ. ಸೋಮವಾರ ಆಫೀಸಿನಲ್ಲಿ ಮ್ಯಾನೇಜರ್ ಮುಂದೆ ಕೊಡುವ ಡೆಮೊದಲ್ಲಿ ಅದನ್ನೇ ತೋರಿಸುತ್ತೇನೆ ಎಂದು ಹೇಳಿ, ಲ್ಯಾಪ್‌ಟಾಪ್ ನನ್ನ ಬಳಿ ಬಿಟ್ಟು, ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಡ್ರೈವ್ ಮಾಡಿಕೊಂಡು ಹೋದ.

ಪರದೆಯ ತುಂಬ ಕೆಂಪು ಚೌಕಗಳು, ಹದಿನೇಳು. ನನ್ನ ಬರವಣಿಗೆ ಇನ್ನೂ ಆ ಭಾಗಕ್ಕೆ ಬಂದಿರಲಿಲ್ಲ. ನನ್ನ ಶಾಲೆಯ ನೋಟ್‌ಬುಕ್ಕುಗಳಲ್ಲಿ ಕೆಂಪು ಇದ್ದಲ್ಲೆಲ್ಲ ತಪ್ಪೇ ಇರುತ್ತಿತ್ತು. ಹೀಗೆಯೇ ಇಟ್ಟರೆ ನಾಳೆ ತಮ್ಮನ ಮರ್ಯಾದೆ ಹೋಗುತ್ತದೆ ಎನಿಸಿತು. ಪ್ರತಿ ಚೌಕದ ಪಕ್ಕದಲ್ಲಿ ಹಸಿರು ಟಿಕ್ ಗುರುತು ಇತ್ತು. ಒಂದನ್ನು ಒತ್ತಿದೆ, ಕೆಂಪು ಮಾಯವಾಯಿತು. ಎಷ್ಟು ಖುಷಿಯಾಯಿತೆಂದರೆ ಹದಿನೇಳನ್ನೂ ಒತ್ತಿಬಿಟ್ಟೆ.

ಸೋಮವಾರ ಸಂಜೆ ಬಂದವನು ಶೂ ಬಿಚ್ಚದೆ ಕುಳಿತ.

“ಡೆಮೊ ಫ್ಲಾಪ್ ಆಯ್ತು ಅಕ್ಕ. ಎಲ್ಲರ ಮುಂದೆ ಓಪನ್ ಮಾಡಿದ್ರೆ, ಏನೂ ಬದಲಾಗಿಲ್ಲ ಅಂತ ತೋರಿಸ್ತು. ನನ್ನ ಕೋಡ್‌ನಲ್ಲೇ ಏನೋ ತಪ್ಪಿದೆ, ಸಾರಿ ಅಂದೆ.”

ನನಗೆ ಆಗಲೇ ತಿಳಿಯಿತು. ಟಿಕ್ ಒತ್ತಿದರೆ ಹಳೆಯ ಚಿತ್ರ ಹೋಗಿ ಹೊಸದೇ ಅದರ ಜಾಗದಲ್ಲಿ ಉಳಿಯುತ್ತದೆ. ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಆದರೂ “ಊಟ ಮಾಡು,” ಎಂದೆ. ಎರಡು ದಿನ ಅವನು ಇಲ್ಲದ ತಪ್ಪನ್ನು ತನ್ನ ಕೆಲಸದಲ್ಲಿ ಹುಡುಕುತ್ತ ಕೂತಿದ್ದ. ನಾನು ಬಡಿಸುತ್ತ ಸುಮ್ಮನಿದ್ದೆ. ಓದದವಳ ಕೈಗೆ ಕೊಟ್ಟದ್ದೇ ತಪ್ಪು ಎಂದು ಅವನು ಅಂದುಬಿಟ್ಟರೆ, ನನ್ನ ನೋಟ್‌ಬುಕ್ ಅಲ್ಲಿಗೇ ಮುಗಿಯುತ್ತಿತ್ತಲ್ಲ.

ಬುಧವಾರ ಸಂಜೆ, ಟೂಲನ್ನೇ ಕೈಬಿಡುತ್ತೇನೆ ಎಂದು ಅವನು ಅಂದಾಗ ನಿಜ ಹೇಳಿದೆ.

“ಹದಿನೇಳಕ್ಕೂ ಟಿಕ್ ಒತ್ತಿದ್ಯಾ?”

“ಹ್ಞೂಂ.”

“ಅಂದ್ರೆ ಕೋಡ್ ಸರಿ ಇದೆ.” ಎದ್ದು ನಿಂತೇಬಿಟ್ಟ. “ಕೋಡ್ ಸರಿ ಇದೆ ಅಕ್ಕ.” ನಗುತ್ತಿದ್ದವನ ಮುಖ ಹಾಗೇ ಇಳಿಯಿತು. “ಎರಡು ದಿನ ನನ್ನ ಮುಖ ನೋಡ್ಕೊಂಡೇ ಚಪಾತಿ ಬಡಿಸಿದ್ಯಲ್ಲೇ.”

ಆಮೇಲೆ ಅವನೇ ನೋಟ್‌ಬುಕ್ ತಂದು ನನ್ನ ಮುಂದಿಟ್ಟ. “ನೀನು ಒತ್ತಿದ್ದನ್ನ ಎಲ್ಲರೂ ಒತ್ತುತಾರೆ. ಬರಿ.”

ಕೆಂಪು ಎಂದರೆ ತಪ್ಪಲ್ಲ, ಬದಲಾವಣೆ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಹಸಿರು ಒತ್ತಿದರೆ ಹಳೆಯ ಚಿತ್ರ ಮತ್ತೆ ಸಿಗುವುದಿಲ್ಲ ಎಂದೂ ಬರೆದೆ. ಅವನು ಮತ್ತೆ ಅಂಗಡಿಯ ಪುಟದ ಚಿತ್ರ ತೆಗೆದಿಟ್ಟ. ಗುರುವಾರ ಅಲ್ಲಿ ವಾರದ ಸ್ಪೆಷಲ್ ಬದಲಾಗುತ್ತದೆಂದು ಹೇಳಿದವಳು ನಾನೇ.

ಶುಕ್ರವಾರ ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿದೆ. “ಅಕ್ಕ, ಇವತ್ತು ಮತ್ತೆ ಡೆಮೊ ಕೊಟ್ಟೆ. ಟೀಮ್‌ಗೆ ತಗೋತಾರಂತೆ. ಮ್ಯಾನೇಜರ್ ನಿನ್ನ ಗೈಡ್ ಪೂರ್ತಿ ಓದಿದ್ರು. ಕೊನೇ ಸಾಲು ತೆಗೀಬೇಡ ಅಂದ್ರು.”

ಆಮೇಲೆ ಲಟ್ಟಿಸಿದ ಚಪಾತಿ ಒಂದೂ ದುಂಡಗೆ ಬರಲಿಲ್ಲ. ಕೊನೆಯ ಸಾಲನ್ನು ನಾನು ಅವನಿಗೆ ಹೇಳದೆ ಸೇರಿಸಿದ್ದೆ, ಅವನು ಹಾಗೆಯೇ ಇಂಗ್ಲಿಷ್ ಮಾಡಿದ್ದ: ಗೊತ್ತಿಲ್ಲದೆ ಒತ್ತಿಬಿಟ್ಟಿದ್ದರೆ, ಇದನ್ನು ಮಾಡಿದವರಿಗೆ ಆಗಲೇ ಹೇಳಿ, ಅವರು ತಪ್ಪನ್ನು ತಮ್ಮಲ್ಲೇ ಹುಡುಕುತ್ತಿರುತ್ತಾರೆ.