ವಿಮಲಕ್ಕ ಹಿಂತೆಗೆದುಕೊಂಡ ಪುಸ್ತಕ

ವಿಮಲಕ್ಕ ಕಾಫಿ ಕುಡಿಯುತ್ತಿರಲಿಲ್ಲ. ಆದರೆ ಆಟೊಮನ್ ಕಾಲದ ತುರ್ಕಿ ಮನೆಗಳಲ್ಲಿ ಅತಿಥಿಗೆ ಕಾಫಿ ಹೇಗೆ ಕೊಡುತ್ತಿದ್ದರು ಎಂದು ಕೇಳಿದರೆ ಸಾಕು, ಇಲ್ಲದ ಬಟ್ಟಲನ್ನು ಬೆರಳುಗಳಲ್ಲಿ ಹಿಡಿದು ತೋರಿಸುತ್ತ ಅರ್ಧ ಸಂಜೆ ಕಳೆದುಬಿಡುತ್ತಿದ್ದರು. ನಾವಿದ್ದ ಹೊರದೇಶದ ಊರು ಸ್ಟ್ರೀಟ್ಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ ದಿನ ನಾನು ಫಿಲ್ಟರ್ ಕಾಫಿ ಒಯ್ದಾಗ, "ಚಹಾ ಇದ್ರ ಕೊಡವಾ. ಕಾಫಿ ನನಗ ಪುಸ್ತಕದಾಗಷ್ಟ ಸೇರತದ" ಎಂದು ನಕ್ಕಿದ್ದರು.

ಧಾರವಾಡದವರು, ಒಂಟಿ ಜೀವ. ಒಂದು ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಇತಿಹಾಸ ಹೇಳುತ್ತಿದ್ದರು. ಹಿಂದೆ ತುರ್ಕಿಯ ಪಟ್ಟಣಗಳಿಗೆ ಬಂದುಹೋದ ಯುರೋಪಿನವರ ಪ್ರವಾಸಕಥನಗಳನ್ನು ಓದಿ, ಅಲ್ಲಿನ ಮದುವೆ, ಸಂತೆ, ಸ್ನಾನಗೃಹಗಳ ಚಿತ್ರ ಕಟ್ಟುವುದು ಅವರ ಬದುಕಿನ ಕೆಲಸ. ಆ ಪ್ರವಾಸಿಗರ ಮೇಲೆ ಪ್ರೀತಿಯಷ್ಟೇ ಗುಮಾನಿಯೂ ಇತ್ತು.

ಒಮ್ಮೆ ಹತ್ತಿರದ ಕ್ಲೈನ್‌ಬರ್ಗ್‌ನಲ್ಲಿ ಪರಿಚಯದವರ ಗೃಹಪ್ರವೇಶ. ಆಗಷ್ಟೇ ಇಸ್ತಾಂಬುಲ್ ನೋಡಿ ಬಂದಿದ್ದ ಬೆಂಗಳೂರಿನವರೊಬ್ಬರು, "ತುಂಬಾ ಲೇಜಿ ಜನ ರೀ, ಇಡೀ ದಿನ ಟೀ ಕುಡ್ಕೊಂಡು ಕೂತಿರ್ತಾರೆ" ಎಂದರು. ವಿಮಲಕ್ಕ ತಟ್ಟೆ ಕೆಳಗಿಟ್ಟರು.

"ಯಾರದರೆ ಮನಿ ಒಳಗ ಹೋಗಿದ್ರೇನು?"

"ಇಲ್ಲಪ್ಪ. ಹೋಟೆಲು, ಟೂರ್ ಬಸ್ಸು, ಅಷ್ಟೇ."

"ಹಂಗಾದ್ರ ಹೊರಗ ಕೂತವರನ್ನಷ್ಟ ನೋಡೀರಿ. ದುಡಿಯೋರು ಒಳಗಿದ್ರು."

ವರ್ಷಗಟ್ಟಲೆ ಬರೆದ ಅವರ ಪುಸ್ತಕವನ್ನು ಪ್ರಕಾಶಕರು ಕೊನೆಗೂ ಒಪ್ಪಿದ್ದರು. ಒಬ್ಬ ಇಂಗ್ಲಿಷ್ ಪ್ರವಾಸಿ ಹೆಂಗಸು ತುರ್ಕಿಯ ಅನಟೋಲಿಯಾ ಸೀಮೆಯ ಸಣ್ಣ ಊರಿನಲ್ಲಿ ಕಂಡು ಬರೆದಿಟ್ಟ ಮದುವೆಯೇ ಅದರ ಜೀವಾಳ. ಮದುಮಗಳು ತುಟಿ ಬಿಚ್ಚದೆ ಹಿರಿಯರ ಕೈಗೆ ಮುತ್ತಿಡುತ್ತ ಬಂದದ್ದು, ಅತ್ತೆಯ ಕೈಯಿಂದ ಬಟ್ಟಲು ಜಾರಿ ಒಡೆದದ್ದು, ಕೋಣೆಯ ತುಂಬ ಹೆಂಗಸರು ನಕ್ಕದ್ದು. ನನಗೆ ಎಷ್ಟು ಸಲ ಹೇಳಿದ್ದರೋ.

ಒಂದು ಭಾನುವಾರ ಮಧ್ಯಾಹ್ನ ಹಿಮ ಮೆತ್ತಿದ ಬೂಟಿನಲ್ಲೇ ನಮ್ಮ ಅಡುಗೆಮನೆಗೆ ಬಂದು ನಿಂತರು. "ತಂಗಿ, ಆಕಿ ಆ ಮದುವಿ ನೋಡೇ ಇಲ್ಲ."

ಆ ಇಂಗ್ಲಿಷ್ ಹೆಂಗಸಿಗಿಂತ ಹಳೆಯ ಫ್ರೆಂಚ್ ಪ್ರವಾಸಿಯೊಬ್ಬನ ಪುಸ್ತಕ ಅವರಿಗೆ ಸಿಕ್ಕಿತ್ತು. ಬೇರೆ ಊರು, ಮದುವೆ ಅದೇ, ವಾಕ್ಯಗಳೂ ಅವೇ. "ಒಡದ ಬಟ್ಟಲಾ ಸುದ್ದಾ ಅದ."

"ಯಾರು ಹುಡಕಲಿಕ್ಕೆ ಹೋಗ್ತಾರ? ಬಿಡ್ರಿ ಅಕ್ಕಾ."

"ಆಕಿ ಹೇಳಿದ ಸುಳ್ಳಿಗೆ ನಾ ಅಡಿಟಿಪ್ಪಣಿ ಹಚ್ಚಿ ಖರೇ ಮಾಡ್ಲೇನು?"

ಪುಸ್ತಕ ಹಿಂತೆಗೆದುಕೊಂಡರು. ಪುಸ್ತಕವಿಲ್ಲದವರಿಗೆ ಮುಂದಿನ ವರ್ಷ ಕಾಲೇಜು ಪಾಠದ ಗುತ್ತಿಗೆ ಕೊಡಲಿಲ್ಲ. ಊರ ಹತ್ತಿರದ ವಾನ್ ಎಂಬ ಪಟ್ಟಣದ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದರು. ಆ ಫ್ರೆಂಚನನ್ನೇ ಆಧಾರವಾಗಿಟ್ಟುಕೊಂಡು ಮತ್ತೆ ಬರೆಯಿರೆಂದು ನಾನು ಹೇಳಿದಾಗ, "ಮದುಮಗಳ ಕೋಣ್ಯಾಗ ಗಂಡಸನ್ನ ಯಾರ ಬಿಟ್ರವಾ? ಅಂವಾ ಯಾರ ಬಾಯಿಂದ ಕೇಳಿದ್ನೋ. ಆ ಹೆಂಗಸರು ತಾವಾಗಿ ಬರದಿಟ್ಟದ್ದು ನನಗೆಲ್ಲೂ ಸಿಗಲಿಲ್ಲ" ಎಂದರು. ಆಮೇಲೆ ಅವರು ಪುಸ್ತಕದ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ.

ಕಾಯಿಲೆ ಗೊತ್ತಾದಾಗ ತಡವಾಗಿತ್ತು. ಆಸ್ಪತ್ರೆಯಲ್ಲಿ ಕಡೆಯ ಸಲ ಕಂಡಾಗ ಧೈರ್ಯಕ್ಕೆಂದು, "ಆರಾಮಾಗ್ರಿ, ಇಬ್ಬರೂ ತುರ್ಕಿಗೆ ಹೋಗೂಣು" ಎಂದೆ.

"ಹೋಗಿ? ನಾನೂ ನಾಕ ದಿನಾ ಮನಿ ಹೊರಗ ನಿಂತು ಬಾಗಲಾ ನೋಡಿ ಬರೂದಷ್ಟ" ಎಂದು ಗೋಡೆಯತ್ತ ಹೊರಳಿದರು.

ಅಂತ್ಯಕ್ರಿಯೆಗೆ ಕೆಲವರು ಬಂದಿದ್ದರು. "ತುರ್ಕಿಯಲ್ಲಿ ಬಹಳ ವರ್ಷ ಇದ್ದರಂತೆ" ಎಂದು ಒಬ್ಬರು ಹೇಳುತ್ತಿದ್ದರು. ಒಮ್ಮೆಯೂ ಹೋದವರಲ್ಲ ಎಂದು ತಿದ್ದಿದೆ. ಅವರು ಹೌದೇ ಎಂದು ತಲೆಯಾಡಿಸಿ, ಆಮೇಲೆ ಬಂದವರಿಗೂ ಬಹಳ ವರ್ಷ ಇದ್ದರೆಂದೇ ಹೇಳಿದರು.