ಬೀಳಿಸದೆ ಹಾಕಿದ ಸಹಿ

ಕಂಪನಿಯ ಸರ್ವರ್ ಕಂಪ್ಯೂಟರನ್ನು ನಾನು ಅಂದು ಬೀಳಿಸಲಿಲ್ಲ. ಬೀಳಿಸಿ ನೋಡಿದೆ ಎಂದು ಸಹಿ ಮಾತ್ರ ಹಾಕಿದೆ. ಆ ಸಹಿಯ ಶಿಕ್ಷೆಯನ್ನು ಎರಡು ವರ್ಷ ಅನುಭವಿಸಿದವರು ಹಮೀದಾಕ — ನಾನಲ್ಲ.

ಇದನ್ನು ಒಮ್ಮೆ ಚರ್ಚಿನಲ್ಲಿ ಮೊಣಕಾಲೂರಿ ಹೇಳಿಕೊಂಡದ್ದುಂಟು. ಆದರೆ ಅಲ್ಲಿಯೂ ‘ಕೆಲಸದಲ್ಲಿ ಒಂದು ಸುಳ್ಳು ಹೇಳಿದೆ ಫಾದರ್’ ಎಂದು ಸಣ್ಣದು ಮಾಡಿ ಹೇಳಿದೆ. ಪಾಪನಿವೇದನೆಯಲ್ಲೂ ಅರ್ಧವನ್ನು ಬಚ್ಚಿಟ್ಟವಳಿಗೆ ಏನೆನ್ನಬೇಕೋ ಗೊತ್ತಿಲ್ಲ. ಇಲ್ಲಿ ಪೂರ್ತಿ ಹೇಳುತ್ತೇನೆ.

ನಾನು ವಿಲ್ಮಾ. ದುಬೈಯ ಜೆಬೆಲ್ ಅಲಿಯಲ್ಲಿ ಒಂದು ಗೋದಾಮು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವವಳು. ಯಾವ ಪೆಟ್ಟಿಗೆ ಯಾವ ಕಪಾಟಿನಲ್ಲಿದೆ, ಯಾವ ಲಾರಿಗೆ ಏರಬೇಕು ಎಂದು ಹೇಳುವುದೇ ಆ ಸರ್ವರ್. ಅದು ಮಲಗಿತೋ, ಫೋರ್ಕ್‌ಲಿಫ್ಟುಗಳು ನಿಲ್ಲುತ್ತವೆ, ಗೇಟಿನಾಚೆ ಲಾರಿಗಳು ಸಾಲುಗಟ್ಟುತ್ತವೆ, ಡ್ರೈವರುಗಳು ಐದಾರು ಭಾಷೆಗಳಲ್ಲಿ ನಮ್ಮ ಜನ್ಮ ಜಾಲಾಡುತ್ತಾರೆ. ಹಮೀದಾಕ ನನ್ನ ಜೊತೆಗಿದ್ದವರು. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹದಿನೈದು ವರ್ಷ ಹಿರಿಯರು; ಹೆಸರಿನ ಕೊನೆಯ ‘ಆಕ’ ಅಣ್ಣ ಎಂದ ಹಾಗೆ. ಸರ್ವರ್ ಬಿಚ್ಚಿ ಜೋಡಿಸುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ; ಆದರೆ ವೀಸಾದಲ್ಲಿ ಅವರ ಹುದ್ದೆ ‘ಹೆಲ್ಪರ್’. ಅದನ್ನು ‘ಟೆಕ್ನಿಷಿಯನ್’ ಎಂದು ಬದಲಿಸುವ ಅರ್ಜಿ ಆಗ ಮ್ಯಾನೇಜರರ ಮೇಜಿನ ಮೇಲಿತ್ತು. ಊರಿನಲ್ಲಿ ಅವರ ಮಗಳಿಗೆ ಸಂಬಂಧ ನೋಡುತ್ತಿದ್ದರು.

“ಹುಡುಗನ ಕಡೆಯವರು ಅಪ್ಪನಿಗೆ ದುಬೈಯಲ್ಲಿ ಎಂತ ಕೆಲಸ ಅಂತ ಕೇಳ್ತಾರಲ್ಲ ಬಾಯಮ್ಮ” ಎಂದಿದ್ದರು ಒಮ್ಮೆ; ಊರಿನ ರೂಢಿಯಂತೆ ಕ್ರಿಶ್ಚಿಯನ್ ಹೆಂಗಸಾದ ನನ್ನನ್ನು ಅವರು ಕರೆಯುತ್ತಿದ್ದುದು ಬಾಯಮ್ಮ ಎಂದೇ. “ಟೆಕ್ನಿಷಿಯನ್ ಅಂತ ಹೇಳ್ಬೇಕು ನನಗೆ. ಸುಳ್ಳಾಗದ ಹಾಗೆ ಹೇಳ್ಬೇಕು.”

ಆ ವಾರ ಸರ್ವರಿಗೆ ಹೊಸ ಮೆಮೊರಿ ಹಾಕಿದವರು ಅವರೇ. ಇದ್ದದ್ದು ಎರಡರಷ್ಟಾಯಿತು. ಮುಂದಿನದು ನನ್ನ ಕೆಲಸ. ಸರ್ವರ್ ಕೆಟ್ಟು ಬೀಳುವಾಗ ತನ್ನ ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಡಿಸ್ಕಿನ ಒಂದು ಕಡೆ ಬರೆದಿಟ್ಟು ಬೀಳುತ್ತದೆ. ಕ್ರ್ಯಾಶ್ ಡಂಪ್ ಎನ್ನುತ್ತೇವೆ. ಸಾಯುವವರು ಪೊಲೀಸರಿಗೆ ಕೊಡುವ ಕೊನೆಯ ಹೇಳಿಕೆಯ ಹಾಗೆ. ಯಾರಿಂದ ಬಿದ್ದೆ ಎಂಬುದು ಅದರಲ್ಲಿರುತ್ತದೆ. ಮೆಮೊರಿ ಹೆಚ್ಚಾದರೆ ಆ ಹೇಳಿಕೆ ಬರೆಯುವ ಜಾಗವೂ ಹೆಚ್ಚಾಗಬೇಕು. ಆಮೇಲೆ ಅದು ನಿಜವಾಗಿ ಬರೆಯುತ್ತದೆಯೇ ಎಂದು ತಿಳಿಯಲು, ಚೆನ್ನಾಗಿ ಓಡುತ್ತಿರುವ ಸರ್ವರನ್ನು ಬೇಕೆಂದೇ ಒಮ್ಮೆ ಬೀಳಿಸಬೇಕು. ಬೇರೆ ದಾರಿಯಿಲ್ಲ.

ಬೀಳಿಸಲು ನಮಗೆ ಸಿಗುತ್ತಿದ್ದುದು ಶುಕ್ರವಾರ ಜುಮಾ ನಮಾಜಿನ ಹೊತ್ತು ಮಾತ್ರ. ಆಗ ಗೋದಾಮು ಖಾಲಿ. ಹಮೀದಾಕ ಕೈ ತೊಳೆದು, ಶರ್ಟು ಸರಿಮಾಡಿಕೊಂಡು, “ನಾನು ಬರುವಷ್ಟರಲ್ಲಿ ಆಗ್ತದಲ್ಲ?” ಎಂದು ಕೇಳಿ ಹೋದರು. ನಾನು ಆಜ್ಞೆ ಬರೆದೆ. ಎಂಟರ್ ಒಂದೇ ಬಾಕಿ. ಬಿದ್ದದ್ದು ಏಳದಿದ್ದರೆ — ನಮಾಜು ಮುಗಿದು ಎಲ್ಲರೂ ಬಂದಾಗ ಏಳದೇ ಇದ್ದರೆ — ಬೈಗುಳ ನನಗೆ. ಬೆರಳನ್ನು ಕೀಲಿಯ ಮೇಲಿಟ್ಟು ಕುಳಿತೆ. ಒತ್ತಲಿಲ್ಲ. ಬರೆದದ್ದನ್ನು ಅಳಿಸಿದೆ. ಡಂಪ್ ಜಾಗ ಹೆಚ್ಚಿಸುವುದನ್ನೇ ನಾನು ಮರೆತಿದ್ದೆ ಎಂಬುದು ಒತ್ತಿದ್ದರೆ ಅಂದೇ ಗೊತ್ತಾಗುತ್ತಿತ್ತು. ಮರೆವಿಗೆ ಕ್ಷಮೆಯುಂಟು. ಆದರೆ ನಾನು ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ‘ಪರೀಕ್ಷೆ ಆಗಿದೆ’ ಎಂಬಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮಾಡಿದೆ.

“ಆಯ್ತಾ ಬಾಯಮ್ಮ?” ಎಂದರು, ಬಂದವರು.

“ಆಯ್ತು” ಎಂದೆ.

ಹತ್ತು ದಿನಕ್ಕೆ ಸರ್ವರ್ ತಾನಾಗಿ ಬಿತ್ತು. ಎರಡು ದಿನ ಬಿಟ್ಟು ಮತ್ತೆ ಬಿತ್ತು. ಡಂಪ್ ನೋಡಿದರೆ — ಏನೂ ಇಲ್ಲ. ಮ್ಯಾನೇಜರ್ ನಬೀಲ್ ಸರ್ ಜೋರ್ಡಾನಿನವರು, ಕೂಗುವವರಲ್ಲ. ಪಟ್ಟಿ ತರಿಸಿ ನನ್ನ ಸಹಿ ನೋಡಿ ಒಂದೇ ಪ್ರಶ್ನೆ ಕೇಳಿದರು: ಪರೀಕ್ಷೆ ಆಗಿತ್ತಲ್ಲವೇ? ಆಗಿತ್ತು ಸರ್, ಎಂದೆ. ಅಲ್ಲಿಗೆ ಮುಗಿಯಿತು. ಪಟ್ಟಿಯ ಪ್ರಕಾರ ಡಂಪ್ ಜಾಗ ಸರಿಯಿದೆ, ಪರೀಕ್ಷೆ ಆಗಿದೆ, ಆದರೂ ಒಂದಕ್ಷರ ಬರೆಯಲಾಗದೆ ಬಿದ್ದಿದೆ ಎಂದರೆ ದೋಷ ಮೆಮೊರಿಯಲ್ಲೇ ಇರಬೇಕು. ಮೆಮೊರಿ ಹಾಕಿದ ಕೈ ಹಮೀದಾಕರದು. ಹೊಸ ಮೆಮೊರಿ ಕಿತ್ತ ಮೇಲೆ ಸರ್ವರ್ ಬೀಳುವುದೂ ನಿಂತಿತು. ಇನ್ನೇನು ಸಾಕ್ಷಿ ಬೇಕು? ನಬೀಲ್ ಸರ್ “ಖಲಾಸ್” ಎಂದು ಅರ್ಜಿಯನ್ನು ಮಡಚಿ ಒಳಗಿಟ್ಟರು.

ಹಮೀದಾಕರನ್ನು ಅಲ್ ಕೂಜ್‌ನ ಹಳೆಯ ಗೋದಾಮಿಗೆ ಕಳುಹಿಸಿದರು — ಕೇಬಲ್ ಎಳೆಯಲು. ಕಂಪನಿ ಬಸ್ ಹತ್ತುವ ಮೊದಲು ನನ್ನಲ್ಲಿಗೆ ಬಂದು ತಮ್ಮ ಎರಡು ಅಂಗೈಗಳನ್ನು ಚಾಚಿ ನೋಡಿಕೊಂಡರು. “ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಲಿಲ್ಲ ಮಾರಾಯ್ರೆ. ಸರಿಯಾಗಿಯೇ ಕೂರಿಸಿದ್ದೆ” ಎಂದರು. ನಾನು ಆಗಲೇ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ‘ಹೋಗಲಿ ಬಿಡಿ ಹಮೀದಾಕ’ ಎಂದೆ. ಅವರನ್ನು ನಾನು ಸಮಾಧಾನ ಮಾಡಿದೆ! ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಆ ಎರಡು ವರ್ಷದಲ್ಲಿ ಅವರ ಮಗಳ ಮದುವೆ ಆಯಿತು. ಹುಡುಗನ ಕಡೆಯವರಿಗೆ ಏನು ಹೇಳಿದರೋ, ನಾನು ಕೇಳಲಿಲ್ಲ. ಊರಿಂದ ತಂದ ಹಲ್ವದ ಪೊಟ್ಟಣವೊಂದು ಬಸ್ ಡ್ರೈವರನ ಕೈಯಲ್ಲಿ ನನಗೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಕಳ್ಳಿ ಎನ್ನಲೂ ಬೇಕಿರಲಿಲ್ಲ, ಹಲ್ವ ಸಾಕಾಯಿತು. ಅದನ್ನು ಆಫೀಸಿನಲ್ಲಿ ಹಂಚಿಬಿಟ್ಟೆ, ನಾನು ತಿನ್ನಲಿಲ್ಲ.

ಆಮೇಲೆ ಮತ್ತೆ ಮೆಮೊರಿ ಹೆಚ್ಚಿಸುವ ಕಾಲ ಬಂತು. ಈ ಸಲ ಮೆಮೊರಿ ಮಾರಿದ ಕಂಪನಿಯ ಇಂಜಿನಿಯರನೇ ಬಂದು ಹೊಚ್ಚಹೊಸದನ್ನು ಹಾಕಿಹೋದ. ಐದನೆಯ ದಿನ ಸರ್ವರ್ ಬಿತ್ತು — ಅದೇ ಹಳೆಯ ರೀತಿಯಲ್ಲಿ. ಎಲ್ಲರ ಮುಖ ಕಪ್ಪಿಟ್ಟಿತು. ನಾನು ಮಾತ್ರ ಬೇರೆಯೇ ಯೋಚಿಸಿದೆ. ಈ ಸಲ ಹಮೀದಾಕರ ಕೈ ಅಲ್ಲಿರಲಿಲ್ಲವಲ್ಲ! ಹಾಗಾದರೆ ಆ ಸಲವೂ —

ಶುಕ್ರವಾರ ಬರುವವರೆಗೆ ಕಾದೆ. ಡಂಪಿಗೆಂದೇ ಬೇರೆ ಡಿಸ್ಕು ಇಟ್ಟೆ, ಮೆಮೊರಿಗಿಂತ ದೊಡ್ಡದು. ಜುಮಾ ಹೊತ್ತಿಗೆ ಆಜ್ಞೆ ಬರೆದೆ. ಈ ಸಲ ಒತ್ತಿದೆ. ಪರದೆ ಸತ್ತಿತು. ಬಿದ್ದು, ಬರೆದು, ತಾನೇ ಎದ್ದುಕೂತಿತು. ಡಂಪ್ ಪೂರ್ತಿಯಾಗಿ ಅಲ್ಲಿತ್ತು. ಇಷ್ಟು ಸುಲಭದ್ದಕ್ಕೆ ನಾನು ಅಂದು ಹೆದರಿದ್ದೆ. ಇನ್ನು ಬೀಳು ನೋಡೋಣ, ಎಂದೆ ಅದಕ್ಕೆ. ಮೂರನೆಯ ದಿನ ತಾನಾಗಿ ಬಿತ್ತು, ಸಿಕ್ಕಿಬಿತ್ತು. ಡಂಪ್ ಬಿಡಿಸಿ ಓದಿದರೆ, ಮೆಮೊರಿಯ ತಪ್ಪೇ ಅಲ್ಲ. ಡಿಸ್ಕನ್ನು ನಡೆಸುವ ಸಾಫ್ಟ್‌ವೇರಿಗೆ ಇಷ್ಟು ದೊಡ್ಡ ಮೆಮೊರಿ ನಿಭಾಯಿಸಲು ಬರುತ್ತಿರಲಿಲ್ಲ. ಅದನ್ನು ಬದಲಿಸಿದೆವು. ಅಂದಿನಿಂದ ಇಂದಿನವರೆಗೆ ನಮ್ಮ ಸರ್ವರ್ ತಾನಾಗಿ ಒಮ್ಮೆಯೂ ಬಿದ್ದಿಲ್ಲ.

ನಬೀಲ್ ಸರ್ ಎಲ್ಲರನ್ನೂ ಕರೆದರು. ಅಲ್ ಕೂಜ್‌ನಿಂದ ಹಮೀದಾಕರನ್ನೂ ಕರೆಸಿದರು. ಇವರ ತಪ್ಪಿರಲಿಲ್ಲ, ಎಂದು ಎಲ್ಲರೆದುರು ಹೇಳಿ ಅವರ ಕೈ ಕುಲುಕಿದರು. ಚಪ್ಪಾಳೆ ಬಿತ್ತು. ಹಮೀದಾಕ ನನ್ನ ಕಡೆ ತಿರುಗಿದರು, ಕಣ್ಣು ತುಂಬಿತ್ತು.

“ಬಾಯಮ್ಮ ನನ್ನ ಹೆಸರು ಉಳಿಸಿದ್ರು” ಎಂದರು, ಎಲ್ಲರಿಗೂ ಕೇಳುವಂತೆ.

ಕೆಸರು ಅವರ ಕೈಗೆ, ಮೊಸರು ನನ್ನ ಬಾಯಿಗೆ. ನುಂಗಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎದ್ದು ನಿಂತೆ. ಅಂದು ನಾನು ಪರೀಕ್ಷೆ ಮಾಡಿರಲಿಲ್ಲ, ಎಂದೆ. ಸಹಿ ಸುಳ್ಳು. ಹಮೀದಾಕರನ್ನು ಕಳುಹಿಸಿದ್ದು ಆ ಸಹಿ. ಮೊದಲು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಅವರ ಮುಖ ನೋಡಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ.

ಚಪ್ಪಾಳೆ ತಟ್ಟಿದ ಕೈಗಳೆಲ್ಲ ಕೆಳಗಿಳಿದವು. ಹಮೀದಾಕ ತಮ್ಮ ಅಂಗೈಗಳನ್ನು ಮತ್ತೊಮ್ಮೆ ನೋಡಿಕೊಂಡರು. ಆಮೇಲೆ ಕೇಳಿದರು, “ಮದುವೆ ಆಯ್ತಲ್ಲ ಬಾಯಮ್ಮ, ಮಗಳದ್ದು? ಇನ್ನು ಟೆಕ್ನಿಷಿಯನ್ ಅಂತ ಯಾರಿಗೆ ಹೇಳ್ಬೇಕು?”

ನನಗೆ ಎಚ್ಚರಿಕೆಯ ಪತ್ರ ಬಂತು, ಬರಬೇಕಾದದ್ದೇ. ಅವರಿಗೆ ಹುದ್ದೆ ಬಂತು. ವೀಸಾದಲ್ಲಿ ‘ಟೆಕ್ನಿಷಿಯನ್’ ಎಂದು ಅಚ್ಚಾಗಿ ಬಂದ ದಿನ ಅದನ್ನು ನನಗೆ ತೋರಿಸಲಿಲ್ಲ. ಊಟದ ಕೋಣೆಯಲ್ಲಿ ಬೇರೆಯವರು ನೋಡುತ್ತಿದ್ದಾಗ ನಾನು ದೂರದಿಂದ ನೋಡಿದೆ. ನೋಡಿ ಹೆಮ್ಮೆಯಾಯಿತು. ಹೆಮ್ಮೆಪಡುವ ಹಕ್ಕು ನನಗಿತ್ತೇ ಎಂದು ಕೇಳಿದರೆ, ಇರಲಿಲ್ಲ.

ಸರ್ವರ್ ಕೋಣೆಗೆ ಮರಳುವ ಮೊದಲು ಅವರು ನಬೀಲ್ ಸರ್ ಬಳಿ ಒಂದು ಷರತ್ತು ಇಟ್ಟರಂತೆ: ಪಟ್ಟಿಯಲ್ಲಿ ಎರಡನೆಯ ಸಹಿ ತಮ್ಮದಿರಬೇಕು, ಪರೀಕ್ಷೆ ತಮ್ಮ ಕಣ್ಣೆದುರು ನಡೆಯಬೇಕು. ಈಗ ಮೂರು ತಿಂಗಳಿಗೊಮ್ಮೆ ಶುಕ್ರವಾರ, ಜುಮಾ ಮುಗಿದು ಗೋದಾಮು ತುಂಬಿದ ಮೇಲೂ ಕೆಲಸ ಶುರುವಾಗುವುದಿಲ್ಲ. ಫೋರ್ಕ್‌ಲಿಫ್ಟುಗಳು ನಿಂತಿರುತ್ತವೆ, ಗೇಟಿನಾಚೆ ಲಾರಿಗಳು ನಿಂತಿರುತ್ತವೆ. ಹಮೀದಾಕ ನಿಧಾನವಾಗಿ ಬಂದು, ಕನ್ನಡಕ ಹಾಕಿಕೊಂಡು ನನ್ನ ಪಕ್ಕ ನಿಲ್ಲುತ್ತಾರೆ. ‘ಆಯ್ತಾ ಬಾಯಮ್ಮ’ ಎಂದು ಅವರು ಈಗ ಕೇಳುವುದಿಲ್ಲ.

“ಒತ್ತಿ” ಎನ್ನುತ್ತಾರೆ.

ಒತ್ತುತ್ತೇನೆ. ಅದು ಬೀಳುತ್ತದೆ, ಬರೆಯುತ್ತದೆ, ಏಳುತ್ತದೆ. ಅವರು ಡಂಪಿನ ಅಳತೆಯನ್ನು ಮೆಮೊರಿಯ ಅಳತೆಯೊಂದಿಗೆ ಬೆರಳಿಟ್ಟು ತಾಳೆ ನೋಡಿ, ನನ್ನ ಸಹಿಯ ಕೆಳಗೆ ತಮ್ಮದನ್ನು ಹಾಕುತ್ತಾರೆ. ಆಮೇಲೆಯೇ ಗೇಟು ತೆರೆಯುವುದು.